ಸುಳ್ಳು ಬಾರದ ಬಾಯಿ

ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ನನ್ನ ತುಟಿಗೆ ಬರೆ ಹಾಕಿದ. ಒಂದು ಚೂರು ಬೆಲ್ಲ ತಿಂದು ಸುಳ್ಳು ಹೇಳಿದ್ದಕ್ಕೆ.

ನಾವಿದ್ದದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಹಾರನಹಳ್ಳಿಯಿಂದ ಎರಡು ಹರದಾರಿ ಆಚೆಗಿನ ಒಂದು ಹಟ್ಟಿಯಲ್ಲಿ. ಹತ್ತು ಹನ್ನೆರಡು ಮನೆ, ಎಲ್ಲವೂ ಕಿರಸ್ತಾನರವು. ತಾತಂದಿರ ಕಾಲಕ್ಕೆ ನಾವೂ ಒಕ್ಕಲು ಜಾತಿಯವರೇ. ದೊಡ್ಡ ಬರಗಾಲದಲ್ಲಿ ಪಾದ್ರಿಗಳು ಹೊಯ್ದ ಗಂಜಿ ಕುಡಿದು ಜೀವ ಉಳಿಸಿಕೊಂಡವರು ಅವರ ದೇವರನ್ನೂ ಹಿಡಿದರು. ಪಾದ್ರಿಗಳು ಪರಂಗಿಯವರು. ತಿಂಗಳಿಗೊಮ್ಮೆ ಕುದುರೆಯ ಮೇಲೆ ಬಂದು, ಎಲ್ಲರ ಪಾಪನಿವೇದನೆ ಕೇಳಿ, ಪೂಜೆ ಮಾಡಿ, ಪ್ರಸಾದ ಕೊಟ್ಟು ಹೋಗುತ್ತಿದ್ದರು. ಮಿಕ್ಕ ದಿನಗಳಲ್ಲಿ ಗುಡಿ ನೋಡಿಕೊಳ್ಳುವುದು, ಸಂಜೆ ಜಪ ಹೇಳಿಸುವುದು, ಮಕ್ಕಳಿಗೆ ಉಪದೇಶ ಬಾಯಿಪಾಠ ಮಾಡಿಸುವುದು, ಸತ್ತವರಿಗೆ ಮಣ್ಣು ಕೊಡುವುದು ಎಲ್ಲ ಅಪ್ಪನ ಪಾಲಿನದು. ಅಪ್ಪ ಆ ಹಟ್ಟಿಯ ಉಪದೇಶಿ. ನನಗೆ ಓದು ಬರಹ ಕಲಿಸಿದವನೂ ಅವನೇ. ನಾನು ಇದನ್ನು ಬರೆಯುತ್ತಿರುವ ಅಕ್ಷರ ಅವನು ಕೊಟ್ಟದ್ದು ಎಂಬುದನ್ನು ಮರೆತಿಲ್ಲ.

ಪ್ರಸಾದ ತೆಗೆದುಕೊಳ್ಳುವವರು ಬೆಳಿಗ್ಗೆ ಒಂದು ಹನಿ ನೀರೂ ಮುಟ್ಟಬಾರದು. ನಾನು ಮೊದಲ ಸಲ ತೆಗೆದುಕೊಳ್ಳುವ ದಿನ ಹಸಿವು ತಡೆಯಲಾರದೆ ಗಡಿಗೆಯಿಂದ ಬೆಲ್ಲ ಕದ್ದು ಅರ್ಧ ತಿಂದು, ಅರ್ಧವನ್ನು ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗುಡಿಯ ಬಾಗಿಲಲ್ಲಿ ಅಪ್ಪ ಕೇಳಿದ: "ಏನಾರ ತಿಂದ್ಯಾ?" "ಇಲ್ಲ ಕಣಪ್ಪ" ಎಂದೆ. ಪ್ರಸಾದ ನುಂಗಿ ಮನೆಗೆ ಬರುವಷ್ಟರಲ್ಲಿ ಬೆಲ್ಲ ಕರಗಿ ಲಂಗಕ್ಕೆಲ್ಲ ಅಂಟಿತ್ತು, ಇರುವೆ ಹತ್ತಿತ್ತು.

ಅಪ್ಪ ಕೂಗಾಡಲಿಲ್ಲ. ನೆಲದ ಮೇಲೆ ಕಲ್ಲುಪ್ಪು ಹರವಿ ಅದರ ಮೇಲೆ ಮೊಣಕಾಲೂರಿಸಿದ. ಬಿಸಿಲು ಅಂಗಳದ ನಡುವಿಗೆ ಬರುವವರೆಗೆ ಹಾಗೇ ಇದ್ದೆ. ಆಮೇಲೆ ಒಲೆಯಲ್ಲಿ ಇಕ್ಕಳದ ತುದಿ ಕಾಯಿಸಿ ತಂದು ಅವ್ವನಿಗೆ ಹೇಳಿದ: "ತಲೆ ಗಟ್ಟಿಯಾಗಿ ಇಡ್ಕೊ."

ಅವ್ವ ಹಿಡಿದುಕೊಂಡಳು. ಬಿಡಲಿಲ್ಲ. ದೇವಮಾತೆಯ ಜಪ ಹೇಳುತ್ತಲೇ ಇದ್ದಳು. ಕಾದ ಕಬ್ಬಿಣ ಕೆಳತುಟಿಗೆ ತಾಗಿದಾಗ ಬಂದ ನಾತ ನನ್ನದೇ ಮಾಂಸದ್ದು ಎಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಬಳಿಕ ಅಪ್ಪನೇ ಬೆಣ್ಣೆ ಹಚ್ಚಿದ. ಅವನ ಕಣ್ಣಲ್ಲಿ ನೀರಿತ್ತು. "ನರಕದ್ ಬೆಂಕಿ ಮುಂದೆ ಇದು ತಣ್ಣಗದೆ ಕಣಮ್ಮಿ" ಎಂದ. ಅವನು ಅದನ್ನು ಮನಸಾರೆ ನಂಬಿದ್ದ. ನನ್ನನ್ನು ಆ ದೊಡ್ಡ ಬೆಂಕಿಯಿಂದ ತಪ್ಪಿಸಲು ಈ ಚಿಕ್ಕ ಬೆಂಕಿ ಮುಟ್ಟಿಸಿದ್ದ.

ಅವ್ವನನ್ನು ಅವನು ಹೊಡೆಯುತ್ತಿದ್ದದ್ದಕ್ಕೆ ಇಂಥ ಕಾರಣ ಏನೂ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೊಡೆಯುತ್ತಿದ್ದ. ಜಪದ ನಡುವೆ ಅವಳು ತೂಕಡಿಸಿದರೂ ಹೊಡೆಯುತ್ತಿದ್ದ. ಉಪವಾಸದ ನಲವತ್ತು ದಿನ ಬಂತೆಂದರೆ ಹಸಿವಿನ ಸಿಟ್ಟೆಲ್ಲ ಅವಳ ಬೆನ್ನಿನ ಮೇಲೆ ಬೀಳುತ್ತಿತ್ತು. ನನಗೆ ಹದಿನಾರು ತುಂಬಿದ ವರ್ಷ ಅವಳು ಬಸುರಿಯಾಗಿದ್ದಳು. ಗುಡಿಯ ದೀಪದ ಎಣ್ಣೆಯಲ್ಲಿ ಒಂದು ಬಟ್ಟಲು ತೆಗೆದು ಪಕ್ಕದ ಮನೆಯ ಬಾಣಂತಿಗೆ ಕೊಟ್ಟಿದ್ದಳಂತೆ. ಅಪ್ಪ ಅಂಗಳದಲ್ಲಿ ಜುಟ್ಟು ಹಿಡಿದು ತಿರುಗಿಸಿ ಸೊಂಟಕ್ಕೆ ಒದ್ದ. ಅವಳು ಒರಳುಕಲ್ಲಿನ ಮೇಲೆ ಹೊಟ್ಟೆಯಡಿಯಾಗಿ ಬಿದ್ದಳು. ಎದ್ದು ಕೂತಳು, ಸೀರೆ ರಕ್ತದಲ್ಲಿ ನೆನೆಯಿತು. ಎರಡು ದಿನ ಮಾತಿಲ್ಲದೆ ಮಲಗಿದ್ದು ಮೂರನೆಯ ದಿನ ಮಧ್ಯಾಹ್ನ ಸತ್ತಳು.

ಪಾದ್ರಿಗಳಿಗೆ ಹೇಳಿಕಳಿಸಿದರು. ಗುಡಿಯಲ್ಲಿ ಹೆಣದ ಪಕ್ಕ ನಿಂತು ಅಪ್ಪ ಹೇಳಿದ: "ಬಾವಿ ಮೆಟ್ಲಲ್ಲಿ ಜಾರಿ ಬಿದ್ಲು ಸ್ವಾಮಿ." ಶಿಲುಬೆಯ ಕೆಳಗೆ ನಿಂತು ಹೇಳಿದ. ನಾನು ಮೇಣದ ಬತ್ತಿ ಹಿಡಿದು ಅವನ ಹಿಂದೆಯೇ ಇದ್ದೆ. ಪಾದ್ರಿಗಳಿಗೆ ಏನನ್ನಿಸಿತೋ, ನನ್ನ ಕಡೆ ತಿರುಗಿ ತಮ್ಮ ಒಡಕು ಕನ್ನಡದಲ್ಲಿ, "ಹೌದಾ ಮಗು?" ಎಂದು ಕೇಳಿದರು.

"ಹೌದು ಸ್ವಾಮಿ" ಎಂದೆ.

ಎಂಟನೆಯ ವರ್ಷದಿಂದ ಇಂದಿನವರೆಗೆ ನಾನು ಹೇಳಿದ ಸುಳ್ಳು ಅದೊಂದೇ.

ಮರುತಿಂಗಳು ಪಾದ್ರಿಗಳು ಬಂದಾಗ ಪಾಪನಿವೇದನೆಗೆ ಸಾಲು ನಿಂತೆವು. ನನ್ನ ಮುಂದೆ ಅಪ್ಪ. ಅವನು ಮೊಣಕಾಲೂರಿ ಪಿಸುಗುಟ್ಟಿ, ಎದ್ದು, ಹಗುರಾದವನ ಹಾಗೆ ಮುಖ ಒರೆಸಿಕೊಂಡ. ಏನು ಹೇಳಿದನೋ ನನಗೆ ಗೊತ್ತಿಲ್ಲ. ಕೊಂದದ್ದನ್ನೇ ಹೇಳಿ ಕ್ಷಮೆ ಪಡೆದಿದ್ದರೆ ಅದೂ ನನಗೆ ಬೇಡ, ಹೇಳದೆ ಎದ್ದಿದ್ದರೆ ಅದೂ ಬೇಡ ಅನ್ನಿಸಿತು. ನನ್ನ ಸರದಿ ಬಂದಾಗ ತಿರುಗಿ ಗುಡಿಯಿಂದ ಹೊರಗೆ ನಡೆದೆ. ನಿಲ್ಲಲಿಲ್ಲ. ಹುಣಸೂರಿನಲ್ಲಿ ಅವ್ವನ ತಂಗಿ ಇದ್ದಳು. ಕಾಫಿ ಹಸನು ಮಾಡುವ ಕಾರ್ಖಾನೆಯಲ್ಲಿ ಬೀಜ ಆರಿಸುವ ಕೆಲಸ. ಬಿಸಿಲು ಇಳಿಯುವ ಹೊತ್ತಿಗೆ ಅವಳ ಮನೆಯ ಮುಂದೆ ನಿಂತಿದ್ದೆ. ಚಿಕ್ಕವ್ವ ಕಾಲಿಗೆ ನೀರು ಕೊಟ್ಟಳು.

ನಾನೂ ಬೀಜ ಆರಿಸಿದೆ. ಕೊಡಗಿನಿಂದ ಗಾಡಿಗಳು ಬರುತ್ತಿದ್ದವು. ಒಬ್ಬ ಗಾಡಿಯವನು ಯಡತೊರೆ ಕಡೆಯವನು. ಆ ಊರಿಗೆ ಆಮೇಲೆ ಕೃಷ್ಣರಾಜನಗರವೆಂದು ಹೆಸರಾಯಿತು. ಮಾತು ಕಡಿಮೆ, ಎತ್ತುಗಳಿಗೆ ಚಾವಟಿ ಮುಟ್ಟಿಸದವನು. ಎತ್ತನ್ನು ಹೊಡೆಯದವನು ಹೆಂಗಸನ್ನೂ ಹೊಡೆಯಲಾರ ಎಂದುಕೊಂಡು ಅವನನ್ನು ಒಪ್ಪಿದೆ.

ಅವನ ಊರಿನ ಕುಲದ ಯಜಮಾನರು ಒಂದು ದಿನ ಹಗಲೆಲ್ಲ ಕೂತು ವಾದ ಮಾಡಿದರು. ತಾತಂದಿರು ಒಕ್ಕಲು ಕುಲದವರಾದ್ದರಿಂದ ಸೇರಿಸಿಕೊಳ್ಳಬಹುದು, ಆದರೆ ದನದ ಮಾಂಸ ಮುಟ್ಟಿರಬಹುದಾದ ನಾಲಿಗೆ ಶುದ್ಧವಾಗಬೇಕು ಎಂದರು. ಅತ್ತೆಯಾಗುವವರ ಕಿವಿಯ ಚಿನ್ನದ ಓಲೆ ಬಿಚ್ಚಿಸಿ ಕೆಂಡದಲ್ಲಿ ಕಾಯಿಸಿದರು. "ಒಂದ್ ಗಳ್ಗೆ ತಡ್ಕೊ" ಎಂದ ನನ್ನ ಗಂಡನಾಗುವವನು. ನಾನು ನಾಲಿಗೆ ಚಾಚಿದೆ. ಚುರ್ ಎಂದಿತು. ಯಾರೂ ತಲೆ ಹಿಡಿದುಕೊಳ್ಳಬೇಕಾಗಲಿಲ್ಲ. "ಗಟ್ಟಿಗಿತ್ತಿ ಕಣ್ರಪ್ಪಾ" ಎಂದು ಯಜಮಾನರು ಮೆಚ್ಚಿಕೊಂಡರು. ನಾನು ಗಟ್ಟಿಗಿತ್ತಿಯಲ್ಲ, ಅಭ್ಯಾಸವಾಗಿದ್ದವಳು.

ಆ ದೇವರನ್ನು ಬಿಟ್ಟೆ, ಈ ದೇವರು ನನಗೆ ಹತ್ತಲಿಲ್ಲ. ಮೈಗೆ ಮಾತ್ರ ಬಿಟ್ಟದ್ದು ಗೊತ್ತಾಗಲಿಲ್ಲ. ಉಣ್ಣಲು ಕೂತರೆ ಬಲಗೈ ಶಿಲುಬೆಯ ಗುರುತು ಹಾಕಲು ತಾನಾಗಿ ಹಣೆಗೆ ಹೋಗುತ್ತಿತ್ತು. ಅತ್ತೆ ಸೌಟಿನಿಂದ ಕೈಗೆ ಬಾರಿಸುತ್ತಿದ್ದರು. ಹಟ್ಟಿಯಲ್ಲಿ ಶುಕ್ರವಾರ ಯಾರೂ ಮಾಂಸ ಮುಟ್ಟುತ್ತಿರಲಿಲ್ಲ, ಇಲ್ಲಿಯೂ ಆ ದಿನ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದು ಲಕ್ಷ್ಮಿಯ ಮೇಲಿನ ಭಕ್ತಿ ಎಂದು ಅತ್ತೆ ನೆರೆಯವರಲ್ಲಿ ಹೊಗಳಿಕೊಂಡರು. ಅವರು ನೇರವಾಗಿ ಕೇಳಲಿಲ್ಲ, ಹಾಗಾಗಿ ನಾನೂ ಹೇಳಲಿಲ್ಲ. ಒಬ್ಬ ಮಗಳು ಹುಟ್ಟಿದಳು. ಗಂಡ ಏಳು ವರ್ಷ ನನ್ನ ಮೇಲೆ ಕೈ ಎತ್ತಲಿಲ್ಲ.

ಊರಿಗೆ ಕಾವೇರಿಯ ನಾಲೆ ನೀರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೂಬು ತೆಗೆದು ಮುಚ್ಚುವ ಕೆಲಸ ನೀರುಗಂಟಿಯದು. ಹೊಲಗೇರಿಯ ಮುದುಕ. ಗಡಿಯಾರವಿಲ್ಲ, ತನ್ನ ನೆರಳನ್ನು ಹೆಜ್ಜೆಯಿಂದ ಅಳೆದು ಸರದಿ ಹೇಳುತ್ತಿದ್ದ. ಆ ವರ್ಷ ನಾಟಿಯ ಹೊತ್ತಿಗೆ ನಾಲೆಯಲ್ಲಿ ನೀರು ಕಡಿಮೆ. ನನ್ನ ಗಂಡನ ಅಣ್ಣ, ಮನೆಗೆ ಹಿರಿಯರು, ಬಾಯಿ ಬಿರುಸಿನವರು, ಎರಡು ದಿನದಿಂದ ಮುದುಕನ ಜೊತೆ ಜಗಳವಾಡುತ್ತಿದ್ದರು.

ಮಧ್ಯಾಹ್ನ ಮುದ್ದೆ ಸಾರು ಹೊತ್ತುಕೊಂಡು ನಾಲೆಯ ಏರಿಯ ಮೇಲೆ ಬರುತ್ತಿದ್ದೆ. ಮುದುಕ ತೂಬಿನ ಮೇಲೆ ಬಗ್ಗಿ ಹಲಗೆ ಇಳಿಸುತ್ತಿದ್ದ.

"ತಗೀಲಾ ಅಲ್ಗೆಯ" ಎಂದು ಭಾವ ಕೂಗಿದರು.

"ನಿಮ್ ಸರ್ದಿ ಮುಗೀತು ಬುದ್ದಿ. ಕೆಳಗ್ಲೋರು ಕಾಯ್ತಾವ್ರೆ" ಎಂದ ಮುದುಕ, ತಲೆ ಎತ್ತದೆ.

ಭಾವ ಗುದ್ದಲಿಯ ಕಾವಿನಿಂದ ಹೊಡೆದರು. ಮೊದಲ ಏಟು ಹೆಗಲಿಗೆ ಬಿತ್ತು. ಮುದುಕ ಕೈ ಅಡ್ಡ ಹಿಡಿದು ತಿರುಗಿದ. ಎರಡನೆಯದು ಕಿವಿಯ ಮೇಲೆ. ಅವನು ಕುಸಿದು ತೂಬಿನ ಕಲ್ಲಿಗೆ ಒರಗಿದ, ಬಾಯಿ ತೆರೆದಿತ್ತು, ಏನೋ ಹೇಳಲು ಹೊರಟಂತಿತ್ತು. ಅಲ್ಲಿಗೆ ನಿಂತಿದ್ದರೆ ಅವನು ಬದುಕುತ್ತಿದ್ದನೇನೋ. ಭಾವ ಕಾಲು ಅಗಲಿಸಿ ನಿಂತು, ಸೌದೆ ಸೀಳುವವರ ಹಾಗೆ ಎರಡೂ ಕೈಯಲ್ಲಿ ಎತ್ತಿ ಮೂರನೆಯದನ್ನು ನೆತ್ತಿಗೆ ಹಾಕಿದರು. ಮಡಕೆ ಒಡೆದ ಸದ್ದು. ಮುದುಕನ ಕಾಲು ನಾಲ್ಕಾರು ಸಲ ಒದ್ದಾಡಿ ನಿಂತಿತು. ರಕ್ತ ನೀರಿಗೆ ಸೇರಿ, ಹಲಗೆಯ ಸಂದಿನಿಂದ ನಮ್ಮ ಗದ್ದೆಯ ಪೈರಿನ ನಡುವೆ ಹರಿದುಕೊಂಡು ಹೋಯಿತು.

ಭಾವ ನನ್ನನ್ನು ನೋಡಿದರು. "ಮನೀಗೋಗು" ಎಂದರು.

ಸಂಜೆಯೊಳಗೆ ಊರೆಲ್ಲ ಒಂದೇ ಮಾತು: ಮುದುಕ ಕಾಲು ಜಾರಿ ತೂಬಿನ ಕಲ್ಲಿಗೆ ಬಿದ್ದ. ಪಟೇಲರು ಹಾಗೇ ಬರೆಸಿದರು. ಆದರೆ ಮುದುಕನ ಹೆಂಡತಿ ಅಮಲ್ದಾರರ ಕಚೇರಿಯ ಮುಂದೆ ಹೋಗಿ ಎದೆ ಬಡಿದುಕೊಂಡು ಕೂತಳು. ಮೂರನೆಯ ದಿನ ಪೊಲೀಸ್ ಇನ್ಸ್‌ಪೆಕ್ಟರು ಕುದುರೆಯ ಮೇಲೆ ಬಂದರು.

ಅತ್ತೆ ನನ್ನನ್ನು ಒಳಗೆ ಕರೆದು ಹೇಳಿಕೊಟ್ಟರು: "ನೀನು ಬರಾಷ್ಟರಲ್ಲಿ ಬಿದ್ದಿದ್ದ ಅನ್ನು. ಅಷ್ಟೇ ಸಾಕು. ಮನೆ ಉಳುಸ್ಕೊ ಕಣವ್ವ." ನಾನು ತಲೆ ಆಡಿಸಿದೆ. ಅಷ್ಟು ಹೇಳಿ ಮುಗಿಸುವುದೆಂದೇ ಹೊರಗೆ ಬಂದೆ. ನಾನು ಧೈರ್ಯ ಮಾಡಿ ಬಂದವಳಲ್ಲ.

ಇನ್ಸ್‌ಪೆಕ್ಟರು ಪಟೇಲರ ಜಗಲಿಯಲ್ಲಿ ಕೂತಿದ್ದರು. ಊರಿನ ಗಂಡಸರೆಲ್ಲ ನಿಂತಿದ್ದರು. "ಊಟ ತಂದವಳು ನೀನೇ ಏನಮ್ಮ? ಮುದುಕ ಜಾರಿ ಬಿದ್ದದ್ದು ಹೌದಾ?" ಎಂದು ಕೇಳಿದರು.

ಹೌದು ಎನ್ನಲು ಬಾಯಿ ತೆರೆದೆ. ದವಡೆ ಹಿಡಿದುಕೊಂಡಿತು. ಮಂಡಿ ಉರಿಯತೊಡಗಿತು, ಉಪ್ಪಿನ ಮೇಲೆ ಊರಿದ ಹಾಗೆ. ನನ್ನ ಅವ್ವನ ಹೆಣ ಕಂಡಿತು ಎಂದು ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಆ ಗಳಿಗೆಯಲ್ಲಿ ಕಂಡದ್ದು ಅವ್ವನಲ್ಲ, ಅಪ್ಪ. ಏನಾರ ತಿಂದ್ಯಾ ಎಂದು ಅವನು ಕೇಳಿದ ಹಾಗಾಯಿತು.

"ಇಲ್ಲ ಬುದ್ದಿ. ನಮ್ ಬಾವ್ನೋರು ವಡುದ್ರು. ಗುದ್ಲಿ ಕಾವ್ನಲ್ಲಿ. ಮೂರು ಏಟು."

ಇನ್ಸ್‌ಪೆಕ್ಟರು ಭಾವನನ್ನು ಕರೆದುಕೊಂಡು ಹೋದ ಮೇಲೆ ಮನೆಯ ಬಾಗಿಲು ಹಾಕಿದರು. ಓರಗಿತ್ತಿ ನನ್ನ ಕೂದಲು ಹಿಡಿದು ಗೋಡೆಗೆ ಬಡಿದಳು. ಅತ್ತೆ ಒನಕೆ ಎತ್ತಿದರು, ಅದು ಭಾರವಾಗಿ ಅವರ ಕೈಯಿಂದಲೇ ಜಾರಿತು. ಆಗ ನನ್ನ ಗಂಡ ಎದ್ದ. ಎತ್ತಿಗೆ ಏಟು ಹಾಕದವನು ಆ ಒನಕೆ ತೆಗೆದುಕೊಂಡ. "ನಮ್ಮಣ್ಣ ಕಣೆ! ನಮ್ಮಣ್ಣ!" ಎಂದು ಒಂದೊಂದು ಏಟಿಗೂ ಕೂಗುತ್ತಿದ್ದ. ಎಡಗೈ ಮೊಣಕೈ ಕೆಳಗೆ ಮುರಿಯಿತು. ಎರಡು ಹಲ್ಲು ನೆಲಕ್ಕೆ ಬಿದ್ದವು. ಮಗಳು ಕದದ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು, ಅಳಲಿಲ್ಲ.

ಮಾರನೆಯ ದಿನ ಮಗಳನ್ನು ಸೊಂಟಕ್ಕೇರಿಸಿಕೊಂಡು, ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹುಣಸೂರಿನ ದಾರಿ ಹಿಡಿದೆ. ಗಾವಡಗೆರೆ ಕಡೆಯ ಒಂದು ಹುಲ್ಲಿನ ಗಾಡಿಯವನು ಕೂರಿಸಿಕೊಂಡ. ಚಿಕ್ಕವ್ವ ಈ ಸಲವೂ ಕಾಲಿಗೆ ನೀರು ಕೊಟ್ಟಳು.

ಅಲ್ಲಿ ನಡೆದದ್ದನ್ನು ಬರೆಯದೆ ಬಿಡುವ ಮನಸ್ಸಾಗುತ್ತದೆ. ಕೈಗೆ ಬಿದಿರ ದಬ್ಬೆ ಕಟ್ಟಿಸಿಕೊಂಡು ಒಂದು ತಿಂಗಳಾಗಿತ್ತು. ಮಗಳಿಗೆ ಐದು ವರ್ಷ. ಚಿಕ್ಕವ್ವನ ಮೊಸರಿನ ಮಡಕೆ ಒಡೆದಿತ್ತು. ಯಾರು ಒಡೆದದ್ದು ಎಂದು ಮಗಳನ್ನು ಕೇಳಿದೆ. "ಬೆಕ್ಕು" ಎಂದಳು. ಅವಳ ಕಾಲಿಗೆಲ್ಲ ಮೊಸರು ಮೆತ್ತಿತ್ತು.

ಮುಂದಿನದು ನನಗೆ ನೆನಪಿಲ್ಲ, ಚಿಕ್ಕವ್ವ ಕಿರುಚಿದ್ದರಿಂದ ಎಚ್ಚರವಾಯಿತು. ನನ್ನ ಬಲಗೈಯಲ್ಲಿ ಕೊಳವೆಯಿತ್ತು, ಒಲೆ ಊದುವ ಕಬ್ಬಿಣದ ಕೊಳವೆ, ಅದರ ತುದಿ ಕೆಂಪಗಿತ್ತು. ಮಗಳು ಗೋಡೆಗೆ ಅಂಟಿ ನಿಂತು ತುಟಿಗಳನ್ನು ಒಳಕ್ಕೆ ಎಳೆದುಕೊಂಡು ಕಚ್ಚಿ ಹಿಡಿದಿದ್ದಳು. ನಾನು ಏನು ಮಾಡುವವಳೆಂದು ಅವಳಿಗೆ ಹೇಳಿದ್ದಿರಬೇಕು. "ನರ್ಕ, ನರ್ಕ ಅಂತಿದ್ದೆ ಕಣೆ ನೀನು" ಎಂದಳು ಚಿಕ್ಕವ್ವ ಆಮೇಲೆ. ಅವಳು ನೀರಿನ ಕೊಡವನ್ನೇ ನನ್ನ ಕೈ ಮೇಲೆ ಸುರಿದಿದ್ದಳು.

ದೇವರನ್ನು ಬಿಟ್ಟು ಹತ್ತು ವರ್ಷವಾಗಿತ್ತು. ನರಕವಿಲ್ಲವೆಂದು ನಿಶ್ಚಯವಾಗಿ ನಂಬಿದ್ದೆ. ಆದರೂ ಅದರ ಒಲೆ ನನ್ನೊಳಗೆ ಉರಿಯುತ್ತಲೇ ಇತ್ತು. ಆವತ್ತೇ, ಸಿಟ್ಟು ಬಂದಾಗ ಮಗಳ ಹತ್ತಿರ ನನ್ನನ್ನು ಒಬ್ಬಳೇ ಬಿಡಬೇಡ ಎಂದು ಚಿಕ್ಕವ್ವನಿಂದ ಮಾತು ತೆಗೆದುಕೊಂಡೆ.

ಮೈಸೂರಿನ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಕರೆ ಬಂತು. ಪ್ರಮಾಣ ಮಾಡಿಸಿದರು. ಭಾವನ ಪರ ವಕೀಲರು ಎತ್ತರದ ಆಳು, ನಯವಾದ ಮಾತು.

"ನೀನು ಕಿರಸ್ತಾನಳೋ, ಹಿಂದುವೋ?"

"ಉಟ್ಟಿದ್ದು ಕಿರಸ್ತಾನ್ರಲ್ಲಿ. ಬುಟ್ಬುಟ್ಟೆ."

"ಈಗ ಯಾವ ದೇವರನ್ನು ನಂಬುತ್ತೀ?"

"ಯಾವ್ದೂ ಇಲ್ಲ ಬುದ್ದಿ."

ಕೂತವರು ನಕ್ಕರು. "ದೇವರೇ ಇಲ್ಲದವಳು ದೇವರ ಮೇಲೆ ಮಾಡಿದ ಪ್ರಮಾಣಕ್ಕೆ ಏನು ಬೆಲೆ? ನೀನು ನಿಜ ಹೇಳುತ್ತೀ ಎಂದು ಹೇಗೆ ನಂಬುವುದು?"

"ನಂಗೆ ಸುಳ್ಳು ಯೋಳಾಕೆ ಬರಾಕಿಲ್ಲ ಬುದ್ದಿ. ಒಂದ್ಸಾರಿ ಯೋಳಿದ್ದೆ. ನಮ್ಮಪ್ಪ ನಮ್ಮವ್ವನ್ನ ಒದ್ದು ಸಾಯಿಸ್ದಾಗ, ಜಾರಿ ಬಿದ್ಲು ಅಂದಿದ್ದೆ. ಅದಾದ್ಮೇಲೆ ಬರಾಕಿಲ್ಲ."

ಇದನ್ನು ಯಾರೂ ಕೇಳಿರಲಿಲ್ಲ. ಪಾದ್ರಿಗಳ ಕಿವಿಗೆ ಹೇಳಬೇಕಾಗಿದ್ದದ್ದು ಗುರುತಿಲ್ಲದ ಅಷ್ಟು ಜನರ ಮುಂದೆ ಬಾಯಿಂದ ಉದುರಿತು. ವಕೀಲರು ಕಾಗದ ಮಡಿಸಿ ಕೂತುಬಿಟ್ಟರು. ಭಾವನಿಗೆ ಏಳು ವರ್ಷ ಸಜೆಯಾಯಿತು. ಅಪ್ಪನನ್ನು ಯಾರೂ ಕೇಳಲಿಲ್ಲ. ಅವನು ಅದರ ಹಿಂದಿನ ವರ್ಷವೇ ಪ್ಲೇಗಿನಲ್ಲಿ ಸತ್ತಿದ್ದನೆಂದು ಆಮೇಲೆ ತಿಳಿಯಿತು.

ಕೋರ್ಟಿನ ಹೊರಗೆ ಮುದುಕನ ಹೆಂಡತಿ ಮರದಡಿ ಕೂತಿದ್ದಳು. ನನಗೆ ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆನೇನೋ, ಹತ್ತಿರ ಹೋದೆ. "ನೀವು ನಿಜ ಯೋಳುದ್ರಿ ಕಣ್ರವ್ವ" ಎಂದಳು. "ನಮ್ ಗುಡ್ಲಿಗೆ ಬೆಂಕಿ ಬಿತ್ತು. ನೀರ್ಗಂಟಿ ಕೆಲ್ಸ ಬ್ಯಾರೇರ್ಗೆ ಕೊಟ್ರು. ಮಗನ್ ಕಟ್ಕಂಡು ಯಡ್ತೊರೆ ಪ್ಯಾಟೆ ಅಂಚ್ನಲ್ಲಿ ಬಿದ್ದಿವ್ನಿ." ಹೇಳಿ ಎಲೆಯಡಿಕೆ ಉಗುಳಿ ಎದ್ದು ಹೋದಳು.

ನನ್ನ ಗಂಡ ಆರು ತಿಂಗಳ ಬಳಿಕ ಜೋಡಿ ಎತ್ತು ಹೊಡೆದುಕೊಂಡು ಹುಣಸೂರಿಗೆ ಬಂದ. ನನ್ನ ಸೊಟ್ಟ ಕೈ ನೋಡಿದ. "ಅಣ್ಣನ್ನ ಕಳ್ಕೊಂಡೆ. ಇನ್ನ ನಿನ್ನೂ ಕಳ್ಕೊಳ್ಳಾಕೆ ಆಗಾಕಿಲ್ಲ" ಎಂದ. ಕ್ಷಮಿಸು ಎನ್ನಲಿಲ್ಲ, ನಾನೂ ಕ್ಷಮಿಸಿದೆ ಎನ್ನಲಿಲ್ಲ. ಹೊಡೆದದ್ದನ್ನು ಮರೆಯುವವಳಲ್ಲ ಎಂದೆ. ಗೊತ್ತು ಎಂದ. ಹೆಗ್ಗಡದೇವನಕೋಟೆಯ ಕಡೆ ಕಾಡಿನಂಚಿನಲ್ಲಿ ಪೊದೆ ಕಡಿದು ಹೊಲ ಮಾಡಿಕೊಂಡೆವು. ರಾಗಿ, ಅವರೆ. ಅವನು ಮತ್ತೆ ಕೈ ಎತ್ತಲಿಲ್ಲ, ಆದರೆ ಅವನು ಒನಕೆ ಮುಟ್ಟಿದಾಗಲೆಲ್ಲ ನಾನು ಕೋಣೆಯಿಂದ ಹೊರಗೆ ಬರುತ್ತಿದ್ದೆ.

ಸಜೆ ಮುಗಿಸಿ ಭಾವ ನೇರ ನಮ್ಮಲ್ಲಿಗೇ ಬಂದರು. ಓರಗಿತ್ತಿ ತವರು ಸೇರಿದ್ದಳು, ಅತ್ತೆ ತೀರಿಕೊಂಡಿದ್ದರು. ಹೊಲದಲ್ಲಿ ಗಂಡನಿದ್ದ. ಭಾವ ಜಗಲಿಯ ಮೇಲೆ ಕೂತು ನಾನಿಟ್ಟ ಮುದ್ದೆಯನ್ನು ಮುರಿಯದೆ ನೋಡುತ್ತಿದ್ದರು.

"ನೀ ಬರಾಕೆ ಮುಂಚೇನೆ ಒಂದು ವಡುದಿದ್ದೆ ಕಣವ್ವ" ಎಂದರು. "ಬೆನ್ಗೆ. ಬ್ಯಾಡ ಬುದ್ದಿ, ಮೊಮ್ಮಕ್ಳವ್ರೆ ಅಂದ. ಅದ್ನ ಯಾರ್ಗೂ ಯೋಳಿರ್ನಿಲ್ಲ."

ನಾನು ಗೋಡೆಗೆ ಒರಗಿ ಕೇಳಿಸಿಕೊಂಡೆ.

"ನಿಮ್ ಪಾದ್ರಿಗಳು ಇಂಗೆ ಕೇಳುಸ್ಕೊಂಡು ಏನ್ ಮಾಡ್ತಾರೆ?"

"ಏನಾರ ಮಾಡು ಅಂತಾರೆ. ಆಮೇಲೆ ಕ್ಷಮಿಸ್ತಾರೆ."

"ನಂಗೇನ್ ಮಾಡು ಅಂತೀಯೆ?"

ನಾನು ಯಾರು ಹೇಳಲು? ಆದರೂ ಯೋಚನೆ ಮಾಡದೆ ಬಾಯಿಗೆ ಬಂತು: "ಆ ಮುದುಕ್ನ ಹೆಂಡ್ತಿ ಯಡ್ತೊರೆ ಪ್ಯಾಟೆ ಅಂಚ್ನಲ್ಲಿ ಅವ್ಳೆ. ಅಲ್ಲಿಗೋಗಿ ಯೋಳಿ ಬಾವ."

ಹೋದರು. ಎರಡು ದಿನದ ನಡಿಗೆ. ಆರನೆಯ ದಿನ ಹಿಂದಕ್ಕೆ ಬಂದಾಗ ಗುರುತು ಸಿಗಲಿಲ್ಲ. ಎಡಗಿವಿ ಹರಿದು ಜೋತಾಡುತ್ತಿತ್ತು, ಕಣ್ಣು ಮುಚ್ಚುವಷ್ಟು ಮುಖ ಊದಿತ್ತು, ಅಂಗಿಯೆಲ್ಲ ಒಣಗಿದ ರಕ್ತ. ಮುದುಕನ ಹೆಂಡತಿ ಒಳಗಿನಿಂದ ಹೊರಗೆ ಬರಲೇ ಇಲ್ಲವಂತೆ. ಭಾವ ಬಾಗಿಲಲ್ಲಿ ನಿಂತು ಎಲ್ಲ ಹೇಳಿದ ಮೇಲೆ ಮಗ ಬಂದು ಸೌದೆಯ ತುಂಡಿನಲ್ಲಿ ಹೊಡೆದನಂತೆ. ಸಾಕಾಗುವವರೆಗೆ ಹೊಡೆದು, ಆಮೇಲೆ ತಾನೇ ಕುಡಿಯಲು ನೀರು ತಂದು ದೂರದಲ್ಲಿ ಇಟ್ಟು ಹೋದನಂತೆ. ಭಾವ ಕೈ ಅಡ್ಡ ಹಿಡಿಯಲಿಲ್ಲವಂತೆ.

ನಾನು ಬಿಸಿನೀರಿನಲ್ಲಿ ಗಾಯ ತೊಳೆಯುತ್ತಿದ್ದಾಗ ಗಂಡ ಹೊಲದಿಂದ ಬಂದ. ಅಣ್ಣನನ್ನು ನೋಡಿದ, ನನ್ನನ್ನು ನೋಡಿದ. "ಈಗ್ಲಾರ ಸಮಾದಾನ ಆಯ್ತಾ ನಿಂಗೆ?" ಎಂದು ಕೇಳಿದ.

ಇಲ್ಲ ಎಂದಿದ್ದರೆ ಮನೆ ತಣ್ಣಗಿರುತ್ತಿತ್ತು.

"ಸ್ವಲ್ಪ ಆಯ್ತು" ಎಂದೆ.

ಸುಗ್ಗಿ ಮುಗಿಯುವವರೆಗೆ ಅವನು ನನ್ನೊಂದಿಗೆ ಮಾತಾಡಲಿಲ್ಲ. ಭಾವ ಮಾತ್ರ ಆ ರಾತ್ರಿ ಒಂದು ಬಟ್ಟಲು ಗಂಜಿ ಕುಡಿದು, ಮರುದಿನ ಹೊತ್ತು ಮಾರುದ್ದ ಏರುವವರೆಗೂ ನಿದ್ದೆ ಮಾಡಿದರು. ಮುಂದೆ ನಾಲ್ಕು ವರ್ಷ ನಮ್ಮ ಜೊತೆಯೇ ಇದ್ದು ಕಾಡಿನಂಚಿನಲ್ಲಿ ದನ ಮೇಯಿಸಿದರು. ಎಡಗಿವಿ ಕೇಳುತ್ತಿರಲಿಲ್ಲ. ಊಟಕ್ಕೆ ಕರೆಯಲು ನಾನು ಅವರ ಬಲಗಡೆಗೆ ಸುತ್ತಿಕೊಂಡು ಹೋಗಬೇಕಾಗುತ್ತಿತ್ತು.